ಹೊರಗಿನಿಂದ ಹಾಕಿದ ಬೀಗ

ಕೆ.ಆರ್. ಪುರದ ಸಂತೆ ಬೀದಿಯ ಹಿಂದಿನ ಆ ವಠಾರದಲ್ಲಿ ಒಂಬತ್ತು ಕೋಣೆ, ಒಂಬತ್ತು ಸಂಸಾರ, ಒಂದೇ ನಲ್ಲಿ. ಐದನೆಯ ಕೋಣೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಹೇಮಶ್ರೀಗೆ ಮೊದಲು ಕಂಡದ್ದು ಫ್ರಿಜ್ಜು. ಆಮೇಲೆ ಮಂಚ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಹಾಸಿಗೆ, ಒಂದು ಫ್ಯಾನು, ಒಂದು ಓದುವ ಮೇಜು, ಮೇಜಿನ ಮೇಲೊಂದು ಭೂಗೋಳ. ಭೂಗೋಳದ ಪಕ್ಕದಲ್ಲಿ ಹತ್ತನೆಯ ತರಗತಿಯ ವಿಜ್ಞಾನದ ಗೈಡು. ಆ ಮನೆಯಲ್ಲಿದ್ದ ಒಂದೇ ಒಂದು ಮಗುವಿಗೆ ಐದು ವರ್ಷ.

"ಕುಂದರ್ರಿ ಅಕ್ಕಾರ," ಎಂದಳು ಯಂಕಮ್ಮ, ಮಗುವಿನ ತಾಯಿ. ತಾನು ಮಾತ್ರ ಕೂರಲಿಲ್ಲ. ಇಪ್ಪತ್ತೈದರ ಹೆಂಗಸು, ಲಿಂಗಸುಗೂರಿನ ಕಡೆಯವಳು. ಗಂಡ ಮಾನಪ್ಪ ಎರಡು ವರ್ಷದ ಹಿಂದೆ ಗೋವಾಕ್ಕೆ ಹೋಗುವ ಕೆಲಸಗಾರರ ಗುಂಪಿನ ಜೊತೆ ಹೋದವನು. ಈಗ ಅವನ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ. ಯಂಕಮ್ಮ ವೈಟ್‌ಫೀಲ್ಡ್ ಕಡೆಯ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಮಾಡುತ್ತಿದ್ದಳು. ಪಾಳಿ ಬೆಳಿಗ್ಗೆ ಆರೂವರೆಗೆ ಶುರು.

ಹೇಮಶ್ರೀ ಬಂದದ್ದು ಒಂದು ದೂರಿನ ಮೇಲೆ, ಬರುವುದಾಗಿ ಬೆಳಿಗ್ಗೆಯೇ ಮನೆ ಮಾಲೀಕರಿಗೆ ತಿಳಿಸಿ. ಮಕ್ಕಳ ರಕ್ಷಣೆಯ ಕೆಲಸಕ್ಕೆ ಸೇರಿ ಅವಳಿಗೆ ಆಗ ಹನ್ನೊಂದು ತಿಂಗಳು. ಹಿಂದಿನ ದಿನ, ಸೋಮವಾರ, ಎದುರಿನ ಅಪಾರ್ಟ್‌ಮೆಂಟಿನಿಂದ ಯಾರೋ ಹೆಸರು ಹೇಳದೆ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದ್ದರು. ದಿನಾ ಬೆಳಗಿನ ಜಾವ ಐದೂವರೆಗೆ ಐದನೆಯ ಕೋಣೆಯ ಹೆಂಗಸು ಮಗುವನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಜಡಿದು ಹೋಗುತ್ತಾಳೆ. ಬಾಗಿಲ ಮೇಲಿನ ಗವಾಕ್ಷಿಯಿಂದ ಒಂದು ಹಗ್ಗ ಹೊರಗೆ ಬಂದಿರುತ್ತದೆ. ಮಗುವನ್ನು ಕಟ್ಟಿಹಾಕಿರಬಹುದು ಎಂಬ ಅನುಮಾನ.

ಶುಕ್ರವಾರ ಹನ್ನೊಂದು ಗಂಟೆಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ವರದಿ ಇಡಬೇಕು. ಹೇಮಶ್ರೀ 'ಅಪಾಯ ಹೆಚ್ಚು' ಎಂದು ಬರೆದರೆ ಹಂಸ ಎಂಬ ಈ ಹುಡುಗಿ ಅವತ್ತೇ ಬಾಲಮಂದಿರಕ್ಕೆ ಹೋಗುತ್ತಾಳೆ. 'ಸುರಕ್ಷಿತ' ಎಂದು ಬರೆದರೆ ಇದೇ ಕೋಣೆಗೆ, ಇದೇ ಬೀಗಕ್ಕೆ ಹಿಂದಿರುಗುತ್ತಾಳೆ.

"ಬೆಳಿಗ್ಗೆ ನೀವು ಕೆಲಸಕ್ಕೆ ಹೋದಾಗ ಮಗು ಎಲ್ಲಿರುತ್ತೆ?"

"ಬಾಜೂ ಮನ್ಯಾಗ ಇರ್ತಾಳ್ರಿ. ಜಹನಾರಾ ಅಮ್ಮಾರ ಹತ್ರ."

"ಬೀಗ ಹಾಕಿ ಹೋಗ್ತೀರಂತೆ?"

"ಇಲ್ರಿ ಅಕ್ಕಾರ. ಕೂಸಿನ್ನ ಒಳಗ ಬಿಟ್ಟು ಬೀಗ ಎದಕ್ಕ ಹಾಕ್ಲಿ?"

ಪಕ್ಕದ ಮನೆಯ ಜಹನಾರಾ ಬಾಗಿಲಿಗೆ ಒರಗಿ ನಿಂತಿದ್ದರು. ಅರವತ್ತು ದಾಟಿದ ವಿಧವೆ. ಕೊರಳಲ್ಲಿ ಟೈಲರಿನ ಟೇಪು ನೇತಾಡುತ್ತಿತ್ತು. ಬೀದಿಯವರ ಸೀರೆಗಳಿಗೆಲ್ಲ ಫಾಲ್ ಹಾಕುವವರು ಅವರೇ. ಹೇಮಶ್ರೀ ಅವರ ಮುಖ ನೋಡಿದಾಗ ಅವರು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು.

ಹೇಮಶ್ರೀ ಮಗುವನ್ನು ಹತ್ತಿರ ಕರೆದು, ಬಳೆ ನೋಡುವ ನೆಪದಲ್ಲಿ ಮಣಿಕಟ್ಟು ನೋಡಿದಳು, ಗೆಜ್ಜೆ ನೋಡುವ ನೆಪದಲ್ಲಿ ಕಣಕಾಲು ನೋಡಿದಳು. ಹಗ್ಗದ ಗುರುತು ಇರಲಿಲ್ಲ. ತೂಕ ವಯಸ್ಸಿಗೆ ಸರಿಯಾಗಿತ್ತು. ಹೆದರಿದ ಮಗು ತಾಯಿಯನ್ನು ನೋಡಿ ಉತ್ತರ ಕೊಡುತ್ತದೆ. ಹಂಸ ತಾಯಿಯನ್ನೂ ನೋಡುತ್ತಿರಲಿಲ್ಲ, ಹೇಮಶ್ರೀಯನ್ನೂ ನೋಡುತ್ತಿರಲಿಲ್ಲ. ಓಡಿಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಹತ್ತಿದ ದೀಪ ನೋಡುವುದು, ಮುಚ್ಚುವುದು, ಮತ್ತೆ ತೆಗೆಯುವುದು. ಒಳಗೆ ಒಂದು ನೀರಿನ ಬಾಟಲಿ ಮತ್ತು ಮೂರು ಮೊಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಮೇಲೆ ಗವಾಕ್ಷಿಗೆ ಅವತ್ತಿನದೇ ಪೇಪರನ್ನು ತುರುಕಿದ್ದರು.

ಹೇಮಶ್ರೀ ಎಲ್ಲವನ್ನೂ ಬರೆದುಕೊಂಡಳು. ನೋಡಿದ್ದನ್ನು ಬರೆಯಬೇಕು, ಊಹಿಸಿದ್ದನ್ನು ಬರೆಯಬಾರದು ಎಂಬುದು ಅವಳು ತನಗೆ ತಾನೇ ಹಾಕಿಕೊಂಡ ನಿಯಮ. ಯಾವ ಮನೆಯಿಂದ ಹೊರಟರೂ ಮೊದಲು ಸಿಕ್ಕ ಟೀ ಅಂಗಡಿಯಲ್ಲಿ ಸ್ಕೂಟರ್ ನಿಲ್ಲಿಸಿ ಫಾರಂ ಪೂರ್ತಿ ತಿರುವಿ ಹಾಕುವುದು ಇನ್ನೊಂದು. ಅವತ್ತು ಹಾಗೆ ತಿರುವಿದಾಗ ಮೂರನೆಯ ಪುಟದಲ್ಲಿ ಯಂಕಮ್ಮನ ಸಹಿ ಹಾಕಿಸಿಕೊಳ್ಳದೆ ಬಂದದ್ದು ಗೊತ್ತಾಯಿತು. ಹಿಂದಕ್ಕೆ ಹೋದಳು.

ವಠಾರದ ಅಂಗಳದಲ್ಲಿ ಮೆರವಣಿಗೆ ನಡೆದಿತ್ತು. ಇಬ್ಬರು ಹೆಂಗಸರು ಫ್ರಿಜ್ಜನ್ನು ಗೋಣಿಚೀಲದ ಮೇಲೆ ಕೂರಿಸಿ ಒಂದನೆಯ ಕೋಣೆಯ ಕಡೆಗೆ ಎಳೆಯುತ್ತಿದ್ದರು. ಮಂಚದ ಒಂದು ಕಾಲು ಎಂಟನೆಯ ಕೋಣೆಯ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಎರಡು ಜಡೆಯ ಹುಡುಗಿಯೊಬ್ಬಳು ಗೈಡನ್ನು ಕಂಕುಳಲ್ಲಿ ಇರುಕಿಕೊಂಡು, ಭೂಗೋಳವನ್ನು ನೀರಿನ ಬಿಂದಿಗೆಯ ಹಾಗೆ ತಲೆಯ ಮೇಲೆ ಹೊತ್ತು ಮಹಡಿ ಮೆಟ್ಟಿಲು ಹತ್ತುತ್ತಿದ್ದಳು. ಇವರಿಗೆಲ್ಲ ಕೈ ತೋರಿಸಿ ದಾರಿ ಹೇಳುತ್ತ ನಿಂತಿದ್ದವರು ಮನೆ ಮಾಲೀಕ ಲಕ್ಷ್ಮಿಕಾಂತ.

"ಏಯ್, ಗೀಚ್ಬೇಡ್ರಮ್ಮ, ಅದು ಮದುವೇಲಿ ಕೊಟ್ಟಿರೋ ಫ್ರಿಜ್ಜು," ಎನ್ನುತ್ತ ತಿರುಗಿದವರು ಹೇಮಶ್ರೀಯನ್ನು ಕಂಡು ಅಲ್ಲೇ ನಿಂತರು. ಫ್ರಿಜ್ಜೂ ನಿಂತಿತು.

ಯಂಕಮ್ಮ ತಲೆ ತಗ್ಗಿಸಿದಳು.

"ಅವಳದ್ದೇನೂ ತಪ್ಪಿಲ್ಲ ಮೇಡಂ," ಎಂದರು ಲಕ್ಷ್ಮಿಕಾಂತ. "ಆಫೀಸರ್ ಬರ್ತಾರೆ ಅಂದಾಗ ಮನೆ ತುಂಬಿರ್ಬೇಕು ಅಂತ ಐಡಿಯಾ ಕೊಟ್ಟಿದ್ದು ನಾನೇ. ಏನೋ ನಮ್ ಕೈಲಾಗಿದ್ದು."

ಹೇಮಶ್ರೀ ಸಹಿ ಹಾಕಿಸಿಕೊಂಡು ಹೊರಟಳು. ಸಿಟ್ಟು ಅವಳಿಗೆ ಸುಲಭವಾಗಿ ಬರುತ್ತಿರಲಿಲ್ಲ; ಬಂದರೆ ಕೈ ತಣ್ಣಗಾಗುತ್ತಿತ್ತು. ತೂಗುಸೇತುವೆಯ ಸಿಗ್ನಲ್ಲಿನಲ್ಲಿ ನಿಂತಾಗ ಬ್ರೇಕಿನ ಮೇಲಿದ್ದ ಬೆರಳುಗಳು ಮಂಜಿನಂತಿದ್ದವು.

ಅದಕ್ಕೆ ಕಾರಣವಿತ್ತು. ಐದು ತಿಂಗಳ ಹಿಂದೆ ರಾಮಮೂರ್ತಿ ನಗರದ ಒಂದು ಮನೆಗೆ ಅವಳು 'ಸುರಕ್ಷಿತ' ಎಂದು ಬರೆದಿದ್ದಳು. ಅಕ್ಕಿಡಬ್ಬ ತುಂಬಿತ್ತು, ಗೋಡೆಗೆ ಹೊಸ ಸುಣ್ಣವಿತ್ತು, ತಂದೆ ಮೇಡಂ ಮೇಡಂ ಎಂದು ಎಳನೀರು ಕೊಟ್ಟಿದ್ದ. ಒಂಬತ್ತನೆಯ ದಿನ ಆ ಮನೆಯ ಮಗು ಮುರಿದ ಕೈಯೊಂದಿಗೆ ಆಸ್ಪತ್ರೆ ಸೇರಿತು. ಕೈ ಕೂಡಿಕೊಂಡಿತು, ಮಗು ಈಗ ಅಜ್ಜಿಯ ಮನೆಯಲ್ಲಿದೆ. ಆದರೆ ಅಂದಿನಿಂದ ಓರಣವಾದ ಮನೆ ಕಂಡರೆ ಹೇಮಶ್ರೀಗೆ ಎದೆ ಹಿಡಿದಂತಾಗುತ್ತಿತ್ತು.

ಕಚೇರಿಗೆ ಬಂದು ಫಾರಂ ತುಂಬಿದಳು. 'ಪೋಷಕರು ಮಾಹಿತಿ ಮುಚ್ಚಿಡುತ್ತಿದ್ದಾರೆಯೇ?' ಹೌದು. ಆ ಒಂದು ಹೌದಿನಿಂದ ಒಟ್ಟು ಅಂಕ ಗೆರೆ ದಾಟಿ 'ಅಪಾಯ ಹೆಚ್ಚು' ಎಂಬ ಮನೆಗೆ ಬಂದು ಕೂತಿತು. ಹಾಳೆಯನ್ನು ಮೇಲ್ವಿಚಾರಕಿ ಜಯಮಾಲಾ ಅವರ ಮುಂದಿಟ್ಟು ಇಡೀ ಮೆರವಣಿಗೆಯ ಕಥೆ ಹೇಳಿದಳು. ಜಯಮಾಲಾ ಫ್ರಿಜ್ಜು ಗೋಣಿಚೀಲದ ಮೇಲೆ ಹೋದದ್ದನ್ನು ಕೇಳಿ ನಕ್ಕರು. ಹೇಮಶ್ರೀ ನಗಲಿಲ್ಲ.

"ನಿಂಗೆ ಮೋಸ ಮಾಡಿದ್ರು. ಸರಿ, ಒಪ್ಕೊಂಡೆ," ಎಂದರು ಜಯಮಾಲಾ. "ಈ ಫಾರಂ ಕೇಳೋದು ಮಗು ಸೇಫಾ ಅಂತ. ಹೇಮಶ್ರೀಗೆ ಬೇಜಾರಾಯ್ತಾ ಅಂತ ಎಲ್ಲಾದ್ರೂ ಕೇಳಿದೆಯಾ?"

"ಆದ್ರೆ ಸುಳ್ಳು ಹೇಳೋದೂ ಒಂದು ಲಕ್ಷಣ ಅಲ್ವಾ ಮೇಡಂ?"

"ಹೌದು. ಯಾವುದರ ಲಕ್ಷಣ ಅಂತ ಗೊತ್ತಾಯ್ತಾ ನಿಂಗೆ? ಬೀಗ ಬೀಳೋದು ಎಷ್ಟೊತ್ತಿಗೆ?"

"ಐದೂವರೆಗೆ."

"ನೀನು ಹೋಗಿದ್ದು?"

"ಮಧ್ಯಾಹ್ನ ಮೂರಕ್ಕೆ."

ಜಯಮಾಲಾ ಫಾರಂ ಅನ್ನು ಅವಳ ಕಡೆ ತಳ್ಳಿ ತಮ್ಮ ಫೈಲಿಗೆ ಮರಳಿದರು.

ಬುಧವಾರ ಐದು ಗಂಟೆಗೇ ಹೇಮಶ್ರೀ ವಠಾರದ ಮೂಲೆಯ ಹಾಲಿನ ಬೂತಿನ ಬಳಿ ಇದ್ದಳು. ಕಾಕ್ಸ್‌ಟೌನಿನ ತನ್ನ ಮನೆಯಿಂದ ಖಾಲಿ ರಸ್ತೆಯಲ್ಲಿ ಬಂದದ್ದಕ್ಕೆ ಕಿವಿಯೆಲ್ಲ ತಣ್ಣಗಾಗಿತ್ತು. ಕ್ರೇಟುಗಳ ಮರೆಯಲ್ಲಿ ನಿಂತರೆ ಐದನೆಯ ಕೋಣೆಯ ಬಾಗಿಲು ನೇರ ಕಾಣುತ್ತಿತ್ತು. ಅಂಗಳದ ದೀಪದ ಬೆಳಕಿನಲ್ಲಿ ಆ ಬಾಗಿಲ ಮೇಲಿನ ಗವಾಕ್ಷಿಯಿಂದ ಒಂದು ನೈಲಾನ್ ಹಗ್ಗ ಹೊರಬಂದು, ಸೂರಿನ ಕೆಳಗಿನ ಎರಡು ಕೊಕ್ಕೆಗಳ ಮೂಲಕ ಹಾದು, ಪಕ್ಕದ ಮನೆಯ ಗವಾಕ್ಷಿಯೊಳಗೆ ಹೋಗಿತ್ತು.

ಐದು ಇಪ್ಪತ್ತೆಂಟಕ್ಕೆ ಯಂಕಮ್ಮ ಹೊರಬಂದಳು. ಬಾಗಿಲು ಎಳೆದಳು. ಬೀಗ ಬಿದ್ದ ಸದ್ದು ಹಾಲಿನ ಬೂತಿನವರೆಗೂ ಕೇಳಿತು. ಹೇಮಶ್ರೀ ಫೋನು ತೆಗೆದು ಸಮಯ ಬರೆದುಕೊಂಡಳು. ನೋಡು, ಕಣ್ಣೆದುರೇ ಸುಳ್ಳು.

ಆದರೆ ಯಂಕಮ್ಮ ಹೊರಡಲಿಲ್ಲ. ಪಕ್ಕದ ಬಾಗಿಲಿಗೆ ಹೋಗಿ ಬೆರಳ ಗೆಣ್ಣಿನಿಂದ ಮೂರು ಸಲ ಮೆಲ್ಲಗೆ ಬಡಿದು, ಬಾಗಿಲಿಗೆ ಕಿವಿಯಿಟ್ಟು ನಿಂತಳು. ಒಳಗಿನಿಂದ ಏನೂ ಬರಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತೇನೋ, ಒಂದು ಕಾಲು ಆಗಲೇ ಬೀದಿಯ ಕಡೆ ತಿರುಗಿತ್ತು. ಆದರೂ ನಿಂತೇ ಇದ್ದಳು. ಮತ್ತೆ ಬಡಿದಳು. ಈ ಸಲ ಒಳಗಿನಿಂದ ಮೂರು ಬಡಿತ ಬಂತು. ಆಗಷ್ಟೇ ಯಂಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ಹೇಮಶ್ರೀ ಆ ಬಡಿತಗಳನ್ನೂ ಬರೆದುಕೊಂಡಳು. ಆಸ್ಪತ್ರೆಯಲ್ಲಿ ಒಂದು ಪಾಳಿಯ ನರ್ಸು ಇನ್ನೊಂದು ಪಾಳಿಯವಳಿಗೆ ವಾರ್ಡು ಒಪ್ಪಿಸುವುದನ್ನು ಅವಳು ನೋಡಿದ್ದಳು. ಅಲ್ಲೂ ಇಷ್ಟು ಕಟ್ಟುನಿಟ್ಟಾಗಿ ಯಾರೂ ಒಪ್ಪಿಸುತ್ತಿರಲಿಲ್ಲ.

ಆರು ಗಂಟೆ ಎರಡು ನಿಮಿಷಕ್ಕೆ ಜಹನಾರಾ ಅವರ ಮನೆಯೊಳಗೆ ತಟ್ಟೆ ಚಮಚ ಬಿದ್ದ ಹಾಗೆ ಖಣಖಣ ಸದ್ದಾಯಿತು. ಅದರ ಬೆನ್ನಿಗೇ ಅವರ ದನಿ, "ಆಯೀ ಬೇಟಾ, ಬಂದೆ." ತಲೆಗೆ ದುಪಟ್ಟಾ ಸುತ್ತಿಕೊಂಡು, ಕೊರಳ ದಾರದಲ್ಲಿದ್ದ ಕೀಲಿಯನ್ನು ತಡಕುತ್ತ ಹೊರಬಂದು ಬೀಗ ತೆಗೆದರು. ಕೌದಿಯನ್ನು ಮುಸುಕು ಹಾಕಿಕೊಂಡ ಹಂಸ ಹೊಸ್ತಿಲ ಮೇಲೆ ನಿಂತು ಆಕಳಿಸಿದಳು.

ಹೇಮಶ್ರೀ ಅಂಗಳ ದಾಟಿ ಹೋದಳು. ಜಹನಾರಾ ಅವಳನ್ನು ಕಂಡವರೇ ಮಗುವನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡರು.

"ನೋಡಿಬಿಟ್ರಾ? ಬರ್ಕೊಳ್ಳಿ, ಬರ್ಕೊಳ್ಳಿ. ಮುದುಕಿ ಸುಳ್ಳಿ ಅಂತಾನೂ ಬರ್ಕೊಳ್ಳಿ."

"ಆ ಹಗ್ಗ ಏನಮ್ಮ?"

"ಯಾವ ಹಗ್ಗ? ಬಟ್ಟೆ ಒಣಗ್ಸೋದು."

"ಬಟ್ಟೆ ಒಣಗ್ಸೋ ಹಗ್ಗ ಮನೆ ಒಳಗ್ಯಾಕೆ ಹೋಗುತ್ತೆ?"

ಉತ್ತರ ಹಂಸಳಿಂದ ಬಂತು. "ಅದು ನಂದು. ಎಳದ್ರ ದಾದಿ ಬರ್ತಾಳ." ಅಜ್ಜಿ ಎಂಬರ್ಥದಲ್ಲಿ ಅವಳು ಜಹನಾರಾ ಅವರನ್ನು ಕರೆಯುತ್ತಿದ್ದದ್ದು ಹಾಗೆ.

ಆಮೇಲೆ ಮುಚ್ಚುವುದಕ್ಕೆ ಏನೂ ಉಳಿಯಲಿಲ್ಲ. ಕೊಕ್ಕೆಗಳಿಗೆ ಉಜ್ಜಿ ಉಜ್ಜಿ ಹಗ್ಗ ಅಲ್ಲಲ್ಲಿ ಸವೆದಿತ್ತು. ಹಗ್ಗದ ಒಂದು ತುದಿ ಹಂಸಳ ಹಾಸಿಗೆಯ ತಲೆದೆಸೆಯಲ್ಲಿ, ಅವಳ ಕೈಗೆ ಸಿಗುವಂತೆ, ಕೊರಳಿಗೆ ಸುತ್ತಿಕೊಳ್ಳದಷ್ಟು ಗಿಡ್ಡಕ್ಕೆ ಇಳಿಬಿದ್ದಿತ್ತು. ಇನ್ನೊಂದು ತುದಿಗೆ, ಜಹನಾರಾ ಅವರ ಹೊಲಿಗೆ ಮೆಷಿನ್ನಿನ ಮೇಲ್ಗಡೆ, ಒಂದು ಸ್ಟೀಲಿನ ತಟ್ಟೆ ಮತ್ತು ನಾಲ್ಕು ಚಮಚ ಕಟ್ಟಿದ್ದವು. ಜಹನಾರಾ ಹೇಗೂ ನಮಾಜಿಗೆ ಐದಕ್ಕೆ ಏಳುವವರು. ಮನೆಯಲ್ಲಿ ಅವರು, ಶಿವಾಜಿನಗರದ ಬಟ್ಟೆ ಅಂಗಡಿಗೆ ಹೋಗುವ ಮಗಳು ನೌರೀನ್, ಇಬ್ಬರೇ. ಹೇಮಶ್ರೀ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದಳು: ಗಂಡಸರು ಯಾರು ಬರುತ್ತಾರೆ, ಯಾವಾಗ ಬರುತ್ತಾರೆ, ಕೀಲಿ ಇನ್ನಾರ ಹತ್ತಿರ ಇದೆ? ಜಹನಾರಾ ಸಿಟ್ಟಾಗಲಿಲ್ಲ. "ಕೇಳ್ಬೇಕಮ್ಮ, ಇದನ್ನ ಮೊದಲೇ ಕೇಳ್ಬೇಕಿತ್ತು. ಗ್ಯಾಸಿನವನು ಬಂದ್ರೂ ಹೊರಗೇ ನಿಲ್ಸ್ತೀನಿ," ಎಂದು ಒಂದೊಂದಾಗಿ ಉತ್ತರಿಸಿದರು.

"ಮಗೂನ ನಿಮ್ಮನೇಲೇ ಯಾಕೆ ಮಲಗಿಸ್ಕೊಳ್ಳಲ್ಲ?"

"ಮಲಗಿಸ್ಕೊಂಡಿದ್ದೆ. ಐದಕ್ಕೆ ಎತ್ಕೊಂಡು ಬಂದ್ರೆ ಎಚ್ಚರ ಆಗ್ಬಿಡೋದು. ಒಂದಿನ ನಾನು ನಮಾಜಿಗೆ ಬಗ್ಗಿದ್ದೆ, ಅಮ್ಮಾ ಅಂತ ಹಿಂದೇನೇ ಓಡ್ಬಿಟ್ಳು. ಮೇನ್ ರೋಡಲ್ಲಿ ಬಸ್ಸಿನ ಮುಂದೆ ಸಿಕ್ಕಿದ್ದು. ಆಮೇಲಿಂದಾನೇ ಬೀಗ. ಅವಳ ಜಾಗದಲ್ಲೇ ಇದ್ರೆ ಆರಕ್ಕೆ ಏಳ್ತಾಳೆ, ನಗ್ತಾ ಏಳ್ತಾಳೆ."

"ಇದನ್ನ ನಿನ್ನೆ ಹೇಳ್ಬಹುದಿತ್ತಲ್ಲಮ್ಮ."

"ಮಗೂನ ಹಗ್ಗದಲ್ಲಿ ಕಟ್ಟಿದ್ದಾರೆ ಅಂತ ಟೀವಿನಲ್ಲಿ ಬರುತ್ತೆ ಅಂದ್ರು ಓನರ್ರು. ಫ್ರಿಜ್ಜು ಇಟ್ರೆ ಸಾಕು, ಆಫೀಸರ್ಗಳು ಫ್ರಿಜ್ಜೇ ನೋಡೋದು ಅಂದ್ರು."

ಹೇಮಶ್ರೀಯ ಮುಖಕ್ಕೆ ಬಿಸಿ ಏರಿತು. ಅವಳ ಫಾರಮ್ಮಿನ ಎರಡನೆಯ ಪುಟದಲ್ಲಿ, ಮನೆಯ ಸಲಕರಣೆಗಳು ಎಂಬಲ್ಲಿ, ಫ್ರಿಜ್ಜೇ ಮೊದಲಿತ್ತು. ತೋರಿಸಬಾರದ್ದನ್ನು ತೋರಿಸಿ, ತೋರಿಸಬೇಕಾದ ಒಂದೇ ಒಂದನ್ನು ಇವರು ಪೇಪರು ತುರುಕಿ ಮುಚ್ಚಿದ್ದರು. ಹಾಗೆ ಮುಚ್ಚಬೇಕು ಎಂದು ಅವರಿಗೆ ಕಲಿಸಿದವರು ಯಾರು? ತನ್ನಂಥವರೇ.

ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಮೆಚ್ಚುಗೆಯಾದ ಕಡೆ ಇನ್ನಷ್ಟು ಎಚ್ಚರ ಬೇಕು ಎಂದು ರಾಮಮೂರ್ತಿ ನಗರದ ಎಳನೀರು ಕಲಿಸಿತ್ತು.

"ನನ್ನ ಒಳಗೆ ಹಾಕಿ ಬೀಗ ಹಾಕಿ," ಎಂದಳು.

"ಕ್ಯಾ?"

"ಬೀಗ ಹಾಕಿ, ನೀವು ನಿಮ್ಮ ಕೆಲಸ ಮಾಡ್ತಿರಿ. ನಾನು ಯಾವಾಗ ಹಗ್ಗ ಎಳೀತೀನಿ ಅಂತ ಕಾಯ್ಬಾರ್ದು."

ಜಹನಾರಾ ಹಂಸಳ ಮುಖ ನೋಡಿದರು, ಹಂಸ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬಾಗಿಲು ಮುಚ್ಚಿತು. ಬೀಗ ಬಿತ್ತು.

ಮನೆಯಲ್ಲಿ ಬಚ್ಚಲಿನ ಚಿಲಕವನ್ನೂ ಪೂರ್ತಿ ಹಾಕದ ಹೆಣ್ಣು ಹೇಮಶ್ರೀ. ಒಂದು ಕ್ಷಣ ಉಸಿರು ಮೇಲಕ್ಕೇ ನಿಂತಿತು. ಸಾಮಾನು ಮರಳಿಸಿದ ಮೇಲೆ ಕೋಣೆ ದೊಡ್ಡದಾಗಿ ಕಾಣುತ್ತಿತ್ತು. ಒಂದು ಟ್ರಂಕು, ಒಂದು ಚಾಪೆ, ಕೌದಿ, ಒಲೆ, ಎರಡು ಬಿಂದಿಗೆ. ಅವಳು ಚಾಪೆಯ ಮೇಲೆ ಹಂಸ ಮಲಗುವಂತೆ ಮಲಗಿದಳು. ಆ ಎತ್ತರದಿಂದ ನೋಡಿದಾಗ, ಕೂತು ನೋಡಿದಾಗ ಕಾಣದ್ದು ಕಂಡಿತು: ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲು, ಅದರ ಪ್ಲಗ್ಗು ಮಗುವಿನ ಕೈಗೆ ಸಿಗುವ ಕಡೆ, ಕೆಳಗಿನ ಗೂಡಿನಲ್ಲೇ ಬೆಂಕಿಪೊಟ್ಟಣ. ಇನ್ನೊಂದೂ ಕಂಡಿತು. ಜಹನಾರಾ ಅವರ ಕಡೆಯ ಗೋಡೆಯಲ್ಲಿ ಬಾಗಿಲಿನಷ್ಟು ಅಗಲದ ಜಾಗದಲ್ಲಿ ಗಾರೆಯ ಬಣ್ಣ ಬೇರೆ. ಅದಕ್ಕೇ ಆ ಕಡೆ ಮೆಷಿನ್ನಿನ ಕಟಕಟ ಇಷ್ಟು ಸ್ಪಷ್ಟ. ಹಿಂದೆ ಈ ಎರಡೂ ಕೋಣೆ ಒಂದೇ ಮನೆಯಾಗಿದ್ದವು. ನಡುವಿನ ಬಾಗಿಲಿಗೆ ಯಾವಾಗಲೋ ಇಟ್ಟಿಗೆ ಕಟ್ಟಿದ್ದರು.

ಒಂಬತ್ತು ನಿಮಿಷ ಬಿಟ್ಟು ಹಗ್ಗ ಎಳೆದು ಎಣಿಸತೊಡಗಿದಳು. ಒಂದು, ಎರಡು, ಮೂರು. ನಾಲ್ಕಕ್ಕೆ ಗೋಡೆಯಾಚೆಯಿಂದ ದನಿ ಬಂತು, "ಆಯೀ ಬೇಟಾ." ಬೀಗ ಬಿಚ್ಚಿದ್ದು ಮೂವತ್ನಾಲ್ಕಕ್ಕೆ. ನಡುವಿನ ಮೂವತ್ತು ಸೆಕೆಂಡು ಆ ದನಿ ಒಂದು ಸಲವೂ ನಿಲ್ಲಲಿಲ್ಲ. ಬಂದೆ, ಚಪ್ಪಲಿ ಹಾಕ್ಕೊಂಡೆ, ಕೀಲಿ ಸಿಕ್ತು, ಬಂದೇಬಿಟ್ಟೆ ನೋಡು. ಒಳಗಿರುವುದು ಆಫೀಸರು ಎಂಬುದನ್ನು ಜಹನಾರಾ ಮರೆತಿದ್ದರು. ಅಥವಾ ಆ ಹಗ್ಗ ಅಲುಗಿದರೆ ಅವರ ಬಾಯಿಗೆ ಬೇರೆ ಮಾತು ಬರುತ್ತಿರಲಿಲ್ಲ. ಚಾಪೆಯ ಮೇಲೆ ಮಲಗಿದ್ದ ಇಪ್ಪತ್ತೆಂಟು ವರ್ಷದ ಹೇಮಶ್ರೀ ಹಗ್ಗವನ್ನು ಮೆಲ್ಲಗೆ ಕೈಬಿಟ್ಟಳು. ಉಸಿರು ತಾನಾಗಿಯೇ ಕೆಳಗೆ ಇಳಿದಿತ್ತು.

"ಇನ್ನೊಂದ್ಸಲ," ಎಂದಳು. "ಈ ಸಲ ನೀವು ನಲ್ಲಿ ಹತ್ರ ಹೋಗಿ."

ಈ ಸಲ ನಲವತ್ತೊಂಬತ್ತು ಸೆಕೆಂಡು. ಬೀಗ ತೆಗೆದದ್ದು ಜಹನಾರಾ ಅಲ್ಲ, ಹಲ್ಲಿಲ್ಲದ ಒಬ್ಬ ಮುದುಕಿ.

"ನೀ ಯಾರವ್ವ?" ಎಂದು ಆಕೆಯೇ ಕೇಳಿದಳು. "ಹಂಸಿ ಎಲ್ಲಿ?"

ಆರನೆಯ ಕೋಣೆಯ ಜಟ್ಟೆಮ್ಮ. ಪರೀಕ್ಷೆಯ ವಿಷಯ ಆಕೆಗೆ ಗೊತ್ತೇ ಇರಲಿಲ್ಲ. ಜಹನಾರಾ ನೀರಿಗೆ ಹೋಗುವಾಗ ಕೊರಳ ಕೀಲಿಯನ್ನು ಬಿಚ್ಚಿ ಆಕೆಯ ಕೈಗೆ ಕೊಟ್ಟು ಹೋಗುವುದು ದಿನದ ಪದ್ಧತಿ. ಆ ಕೀಲಿ ಬೆಳಿಗ್ಗೆ ಆರೂವರೆಯವರೆಗೆ ಯಾರದಾದರೂ ಕೊರಳಲ್ಲಿ, ಇಲ್ಲವೇ ಕೈಯಲ್ಲಿ ಇರಲೇಬೇಕು; ಮೊಳೆಗೆ ನೇತುಹಾಕುವ ಹಾಗಿಲ್ಲ. ಈ ನಿಯಮ ಮಾಡಿದವಳು ಯಂಕಮ್ಮ.

ಗುರುವಾರ ಹೇಮಶ್ರೀ ಎದುರಿನ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಿಂದ, ಯಾರಿಗೂ ಹೇಳದೆ, ಮತ್ತೆ ನೋಡಿದಳು. ಅದೇ ಬಡಿತ, ಅದೇ ಕಾಯುವಿಕೆ. ಆ ಬಡಿತದ ಅರ್ಥ ಗೊತ್ತಿಲ್ಲದವರಿಗೆ ಅಲ್ಲಿಂದ ಬೀಗ ಮತ್ತು ಹಗ್ಗ ಎರಡೇ ಕಾಣುತ್ತಿದ್ದವು. ಫೋನ್ ಮಾಡಿದವರು ಯಾರೇ ಆಗಲಿ, ಮಾಡಿದ್ದು ಸರಿಯಾಗಿತ್ತು.

ಶುಕ್ರವಾರ ಸಮಿತಿಯ ಕೋಣೆಯಲ್ಲಿ ಅಧ್ಯಕ್ಷೆ, ಪಕ್ಕದಲ್ಲಿ ಸದಸ್ಯ ಸುಗತ. ವೃತ್ತಿಯಲ್ಲಿ ವಕೀಲರು, ಎಲ್ಲ ಕಾಗದವನ್ನೂ ಎರಡು ಸಲ ಓದುವವರು. ಯಂಕಮ್ಮ ಗೋಡೆಗೆ ಅಂಟಿದಂತೆ ನಿಂತಿದ್ದಳು, ಹಂಸಳ ಕೈ ಅವಳ ಮುಷ್ಟಿಯೊಳಗೆ. ಹಿಂದೆ ಜಹನಾರಾ, ಅವರ ಹಿಂದೆ ಇಸ್ತ್ರಿ ಮಾಡಿದ ಷರ್ಟಿನ ಲಕ್ಷ್ಮಿಕಾಂತ. ಹೊರಗೆ ಬಾಲಮಂದಿರದ ವ್ಯಾನು ಬೇರೆ ಮಕ್ಕಳನ್ನು ಇಳಿಸುತ್ತಿತ್ತು. ಯಂಕಮ್ಮ ಕಿಟಕಿಯಿಂದ ಅದನ್ನೇ ನೋಡುತ್ತಿದ್ದಳು.

"ಬೀಗ ಹಾಕೋದು ನಿಜಾನಾ?" ಎಂದರು ಸುಗತ.

"ನಿಜ ಸರ್," ಎಂದಳು ಹೇಮಶ್ರೀ.

"ಸುಳ್ಳು ಹೇಳಿದ್ದು?"

"ಅದೂ ನಿಜ. ಮೊದಲನೇ ಪುಟದಲ್ಲೇ ಬರೆದಿದ್ದೀನಿ."

"ಫ್ರಿಜ್ಜು ತಂದಿಟ್ಟವರು ಹಗ್ಗಾನೂ ತಂದು ಕಟ್ಟಿರಬಹುದಲ್ವಾ?"

"ಅದಕ್ಕೇ ಎರಡು ದಿನ ಹೇಳದೆ ಹೋದೆ ಸರ್. ಫ್ರಿಜ್ಜು ಐದು ನಿಮಿಷದಲ್ಲಿ ಬರುತ್ತೆ. ಕೊಕ್ಕೆಯಲ್ಲಿ ಹಗ್ಗ ಸವೆಯೋಕೆ ತಿಂಗಳುಗಟ್ಟಲೆ ಬೇಕು."

ಸುಗತ ಹಾಳೆ ತಿರುವಿದರು. "ಮೂವತ್ನಾಲ್ಕು ಸೆಕೆಂಡು ಅಂತಿದೆ. ಯಾರು ಎಣಿಸಿದ್ದು?"

"ನಾನು. ಒಳಗಿದ್ದೆ."

"ಯಾವುದರ ಒಳಗೆ?"

"ಬೀಗ ಹಾಕಿಸ್ಕೊಂಡು ಮನೆ ಒಳಗೆ, ಸರ್."

ಅಧ್ಯಕ್ಷೆ ಕನ್ನಡಕ ತೆಗೆದು ಅವಳನ್ನು ನೋಡಿದರು.

ಹೇಮಶ್ರೀ ಮುಂದುವರಿಸಿದಳು. ಸಭೆಯಲ್ಲಿ ಮಾತಾಡುವಾಗ ಅವಳ ದನಿ ಸಾಮಾನ್ಯವಾಗಿ ಕೊನೆಯ ಪದ ನುಂಗುತ್ತಿತ್ತು, ಅವತ್ತು ನುಂಗಲಿಲ್ಲ. ಇದನ್ನು ನಾನು ಸುರಕ್ಷಿತ ಎಂದು ಬರೆದಿಲ್ಲ. ಮಗು ನಿದ್ದೆಯಲ್ಲಿದ್ದಾಗ ಹೊಗೆಯಾದರೆ ಹಗ್ಗ ಎಳೆಯುವವರಿಲ್ಲ. ಕಾಯಿಲು, ಬೆಂಕಿಪೊಟ್ಟಣ ಬುಧವಾರವೇ ಮೇಲಿನ ಗೂಡಿಗೆ ಹೋಗಿವೆ. ಆದರೆ ಬೀಗ ಬೀಗವೇ, ಅದು ಹೋಗಬೇಕು. ಆದರೆ ಈ ಮಗುವಿಗಾಗಿ ಐದು ಗಂಟೆಗೆ ಏಳುವ ಮೂವರು ಹೆಂಗಸರಿದ್ದಾರೆ. ಸುಳ್ಳು ಹೇಳಬೇಕಾಗಿ ಬಂದಾಗ ವಠಾರದ ಮನೆಗಳವರು ತಮ್ಮ ಮನೆಯ ಒಳ್ಳೆಯ ಸಾಮಾನನ್ನು ತಂದಿಟ್ಟಿದ್ದಾರೆ. ಬಾಲಮಂದಿರದಲ್ಲಿ ನಾವು ಇವಳಿಗೆ ಬೀಗವಿಲ್ಲದ ಬಾಗಿಲು ಕೊಡಬಹುದು. ಇವರನ್ನು ಕೊಡಲಾರೆವು.

"ಬೀಗ ಹೋದ್ರೆ ಮಗು ರಸ್ತೆಗೆ ಓಡುತ್ತೆ ಅಂತ ನೀವೇ ಬರೆದಿದ್ದೀರಿ," ಎಂದರು ಅಧ್ಯಕ್ಷೆ. "ಹಾಗಾದ್ರೆ ದಾರಿ ಏನು?"

"ಎರಡು ಕೋಣೆಗಳ ನಡುವೆ ಹಿಂದೆ ಬಾಗಿಲಿತ್ತು ಮೇಡಂ. ಇಟ್ಟಿಗೆ ಕಟ್ಟಿದ್ದಾರೆ. ಅದನ್ನ ತೆಗೆದ್ರೆ ಈ ಕೋಣೆಯ ಹೊರಬಾಗಿಲಿಗೆ ಒಳಗಿಂದಾನೇ, ಮಗುವಿಗೆ ಎಟುಕದಷ್ಟು ಮೇಲೆ, ಚಿಲಕ ಹಾಕಿ, ತಾಯಿ ಜಹನಾರಾ ಅವರ ಮನೆಯಿಂದ ಹೊರಗೆ ಹೋಗಬಹುದು. ಮಗು ತನ್ನ ಜಾಗದಲ್ಲೇ ಮಲಗಿರುತ್ತೆ. ಎದ್ದರೆ ನೇರ ಅವರ ಮುಂದೆ ಬರುತ್ತೆ."

"ಗೋಡೆ ಯಾರದು?"

ಎಲ್ಲರೂ ತಿರುಗಿ ನೋಡಿದರು. ಲಕ್ಷ್ಮಿಕಾಂತ ಕಾಲರ್ ಸರಿ ಮಾಡಿಕೊಂಡರು. ಬಾಡಿಗೆಗೆ ಎರಡು ಕೋಣೆಯಾಗಲಿ ಎಂದು ಆ ಬಾಗಿಲು ಮುಚ್ಚಿಸಿದವರು ಅವರೇ ಎಂಬುದು ಅವರ ಮುಖದಲ್ಲೇ ಇತ್ತು.

"ಗೋಡೆ ನಂದೇ ಮೇಡಂ," ಎಂದರು. ಸ್ವಲ್ಪ ತಡೆದು, "ಭಾನುವಾರ ಆದ್ರೆ ಆಗ್ಬಹುದು."

"ಆಗ್ಬಹುದೋ, ಆಗುತ್ತೋ?" ಎಂದರು ಸುಗತ.

"ಆಗುತ್ತೆ ಸಾರ್."

ಆದೇಶ ಅರ್ಧ ಪುಟದಷ್ಟಿತ್ತು. ಮಗು ತಾಯಿಯ ಬಳಿಯೇ ಇರತಕ್ಕದ್ದು. ಮೂರು ತಿಂಗಳು ಮೇಲ್ವಿಚಾರಣೆ. ಭಾನುವಾರದೊಳಗೆ ಬೀಗ ತೆಗೆಯತಕ್ಕದ್ದು. ಅಲ್ಲಿಯವರೆಗೆ ಬೆಳಗಿನ ಹೊತ್ತು ಜಹನಾರಾ ಅದೇ ಕೋಣೆಯಲ್ಲಿ ಮಗುವಿನ ಜೊತೆ ಇರತಕ್ಕದ್ದು. ಅಧ್ಯಕ್ಷೆ ಓದಿ ಮುಗಿಸಿದರೂ ಯಂಕಮ್ಮನಿಗೆ ಅರ್ಥವಾದಂತೆ ಕಾಣಲಿಲ್ಲ. ಮುಷ್ಟಿ ಸಡಿಲಿಸಲೇ ಇಲ್ಲ.

"ಮನೆಗೆ ಕರ್ಕೊಂಡು ಹೋಗಮ್ಮ," ಎಂದಳು ಹೇಮಶ್ರೀ.

"ಇಕಿನ್ನ?"

"ಇಕೀನೇ."

ಯಂಕಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಮಗಳ ಚಪ್ಪಲಿಯ ಪಟ್ಟಿಯನ್ನು ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿದಳು.

ಭಾನುವಾರ ಹತ್ತು ಗಂಟೆಗೆ ಹೇಮಶ್ರೀ ಹೋದಾಗ ಗಾರೆಯವನು ಇನ್ನೂ ಬಂದಿರಲಿಲ್ಲ. ಅವನಿಗೆ ಫೋನು ಮಾಡಿ ಮಾಡಿ ಲಕ್ಷ್ಮಿಕಾಂತರ ತಾಳ್ಮೆ ಮುಗಿದಿತ್ತು. ಯಂಕಮ್ಮ ಸ್ವಲ್ಪ ಹೊತ್ತು ನೋಡಿದವಳು ಸೆರಗು ಕಟ್ಟಿ, ಉಳಿ ಸುತ್ತಿಗೆ ಕೈಗೆ ತೆಗೆದುಕೊಂಡಳು. ಮದುವೆಯಾದ ಹೊಸತರಲ್ಲಿ ಮಾನಪ್ಪನ ಜೊತೆ ನಾಲ್ಕು ವರ್ಷ ಕಟ್ಟಡದ ಕೆಲಸ ಮಾಡಿದವಳು.

"ಮ್ಯಾಲಿಂದ ಬಿಚ್ಕೋತ ಬರಬೇಕ್ರಿ ಸಾಹುಕಾರ್ರ. ತಳಗ ಹೊಡದ್ರ ತಲಿ ಮ್ಯಾಲೆ ಬರ್ತದ," ಎಂದಳು. ಅವಳ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ಹೇಮಶ್ರೀ ಕೇಳಿದ್ದು ಅದೇ ಮೊದಲು. ಲಕ್ಷ್ಮಿಕಾಂತ ತೆಪ್ಪಗೆ ಇಟ್ಟಿಗೆ ಚೂರು ಹೊರುವ ಬಾಣಲಿ ಹಿಡಿದು ನಿಂತರು.

ಎರಡು ಗಂಟೆಯಲ್ಲಿ ಬಾಗಿಲು ಬಿಚ್ಚಿಕೊಂಡಿತು. ಆ ಕಡೆಯಿಂದ ಜಹನಾರಾ ಮೂಗಿಗೆ ದುಪಟ್ಟಾ ಹಿಡಿದು, "ಅರೆ, ನನ್ ಮೆಷಿನ್ನೆಲ್ಲ ಧೂಳು," ಎಂದು ಗೊಣಗುತ್ತ ಪರದೆಗೆ ಅಳತೆ ತೆಗೆಯುತ್ತಿದ್ದರು. ಜಟ್ಟೆಮ್ಮ ಎಲೆಯಡಿಕೆ ಅಗಿಯುತ್ತ ಕೂತಿದ್ದಳು. ಎಲ್ಲರೂ ಚಹಾ ಕುಡಿದರು. ಕೆಲಸ ಮುಗಿಯಿತು ಎಂದು ಲಕ್ಷ್ಮಿಕಾಂತ ಬಾಣಲಿ ಕೆಳಗಿಟ್ಟರು.

ಹೇಮಶ್ರೀ ಮಾತ್ರ ಹೊಸ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. ಕೆಳಗಡೆ ಎರಡು ಸಾಲು ಇಟ್ಟಿಗೆ ಹಾಗೇ ಉಳಿದಿತ್ತು. ಬೆಳಗಿನ ಮಬ್ಬಿನಲ್ಲಿ ನಿದ್ದೆಗಣ್ಣಿನ ಮಗುವೊಂದು ಇದನ್ನು ದಾಟಿ ಬರಬೇಕು.

"ಈ ಎರಡು ಸಾಲೂ ತೆಗೀಬೇಕು," ಎಂದಳು. "ಎಡವುತ್ತಾಳೆ."

"ಅದು ಹೊಸ್ತಿಲ ಥರ ಇರ್ಲಿ ಬಿಡಿ ಮೇಡಂ," ಎಂದರು ಲಕ್ಷ್ಮಿಕಾಂತ.

"ಎಡವುತ್ತಾಳೆ," ಎಂದಳು ಹೇಮಶ್ರೀ ಮತ್ತೊಮ್ಮೆ, ಎದ್ದು ನಿಲ್ಲದೆ.

"ತೆಗೀರಿ ಸಾಹೇಬ್ರೇ," ಎಂದರು ಜಹನಾರಾ ಆ ಕಡೆಯಿಂದ. "ಈ ಹುಡುಗಿ ಬಿಡೋಳಲ್ಲ. ನಂಗೊತ್ತು."

ಯಂಕಮ್ಮ ಆಗಲೇ ಉಳಿಯನ್ನು ಕೆಳಗಿನ ಸಾಲಿಗೆ ಇಟ್ಟಿದ್ದಳು.